ಬಾಬಿನ್ ಲೇಸ್: ಮೊದಲು ವಿನ್ಯಾಸ, ಆಮೇಲೆ ಸಲಕರಣೆ

ದಿಂಬಿನ ಮೇಲೆ ನಕ್ಷೆ ಹಾಸಿ, ಗುಂಡುಸೂಜಿ ಚುಚ್ಚುತ್ತ, ನೂಲು ಸುತ್ತಿದ ಸಣ್ಣ ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆಯುವುದೇ ಬಾಬಿನ್ ಲೇಸ್; ಆ ಕಡ್ಡಿಗಳೇ ಬಾಬಿನ್. ಇದನ್ನು ಕಲಿಯಬೇಕೆಂದು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಂಥ ಬಾಬಿನ್ ಕೊಳ್ಳಬೇಕು ಎಂದು. ಬಣ್ಣದ ಗಾಜಿನ ಮಣಿ ಕಟ್ಟಿದ ಇಂಗ್ಲಿಷ್ ಬಾಬಿನ್‌ಗಳನ್ನು ನೋಡಿದ ಯಾರಿಗಾದರೂ ಅವು ಬೇಕೆನ್ನಿಸುವುದು ಸಹಜ. ಆದರೆ ಕೈಕಸುಬು ಕಲಿಸುವವಳಾಗಿ ನಾನು ಕೊಡುವ ಉತ್ತರ ಯಾವಾಗಲೂ ಒಂದೇ: ಯಾವ ಲೇಸ್ ಮಾಡುತ್ತೀರಿ ಎಂಬುದು ತೀರ್ಮಾನವಾಗದೆ ಬಾಬಿನ್, ದಿಂಬು, ದಾರ ಇವುಗಳಲ್ಲಿ ಯಾವುದನ್ನೂ ಸರಿಯಾಗಿ ಆರಿಸಲಾಗದು. ಯುರೋಪಿನಲ್ಲಿ ಈ ಕಸುಬು ಬೆಳೆದ ಒಂದೊಂದು ಸೀಮೆಯಲ್ಲೂ ಅಲ್ಲಿನ ಲೇಸ್‌ಗೆ ತಕ್ಕ ಸಲಕರಣೆಯೇ ರೂಪುಗೊಂಡಿದೆ. ಒಂದಕ್ಕೆಂದು ಹುಟ್ಟಿದ ಸಲಕರಣೆಯಿಂದ ಇನ್ನೊಂದನ್ನು ಮಾಡಹೊರಟಾಗ ಎದುರಾಗುವ ತೊಡಕನ್ನು ಕಲಿಯುವವರು ತಮ್ಮ ಕೈಯ ದೋಷವೆಂದೇ ತಿಳಿದು ಕೆಲಸ ಬಿಟ್ಟುಬಿಡುವುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ನಮ್ಮಲ್ಲಿ ಕೈಲೇಸ್ ಎಂದೊಡನೆ ನೆನಪಿಗೆ ಬರುವುದು ಆಂಧ್ರದ ನರಸಾಪುರ. ಆದರೆ ಅದು ಕ್ರೋಶಾ ಕಡ್ಡಿಯ ಕೆಲಸ. ಒಂದೇ ನೂಲಿನ ಕುಣಿಕೆಗಳಿಂದ ಬೆಳೆಯುವಂಥದ್ದು. ದಿಂಬಿನ ಮೇಲೆ ಮಾಡುವ ಬಾಬಿನ್ ಲೇಸ್ ದಕ್ಷಿಣ ಭಾರತದಲ್ಲಿ ನೆಲೆಯೂರಿದ್ದು ನಾಗರಕೋಯಿಲ್‌ನಲ್ಲಿ, 1820ರ ದಶಕದಲ್ಲಿ, ಲಂಡನ್ ಮಿಷನ್‌ನ ಮಾರ್ಥಾ ಮಾಲ್ಟ್ ಅಲ್ಲಿನ ಹೆಣ್ಣುಮಕ್ಕಳಿಗೆ ಕಲಿಸತೊಡಗಿದ ಮೇಲೆ. ಇದರಲ್ಲಿ ಹತ್ತಾರು ನೂಲುಗಳು ಜೊತೆಜೊತೆಯಾಗಿ ಸಾಗುತ್ತವೆ, ಮತ್ತು ಅವಕ್ಕೆ ಇರುವುದು ಎರಡೇ ಚಲನೆ. ನಾಲ್ಕು ಬಾಬಿನ್‌ಗಳನ್ನು ಎಡದಿಂದ ಎಣಿಸಿ ಎರಡನೆಯದನ್ನು ಮೂರನೆಯದರ ಮೇಲೆ ಹಾಯಿಸಿದರೆ ಅದು ಕ್ರಾಸ್. ಎರಡೂ ಜೋಡಿಗಳಲ್ಲಿ ಬಲಗಡೆಯದನ್ನು ಎಡಗಡೆಯದರ ಮೇಲೆ ಹಾಯಿಸಿದರೆ ಟ್ವಿಸ್ಟ್. ಕ್ರಾಸ್, ಟ್ವಿಸ್ಟ್, ಮತ್ತೆ ಕ್ರಾಸ್ ಮಾಡಿದಲ್ಲಿ ಮಗ್ಗದ ಬಟ್ಟೆಯಂತೆ ಹಾಸುಹೊಕ್ಕು ಮೂಡುತ್ತದೆ. ಕ್ರಾಸ್ ಮತ್ತು ಟ್ವಿಸ್ಟ್ ಮಾತ್ರ ಮಾಡಿದಲ್ಲಿ ಓರೆ ನೂಲುಗಳ ತೆಳುವಾದ ಬಲೆ ಮೂಡುತ್ತದೆ. ಎಷ್ಟೇ ದೊಡ್ಡ ವಿನ್ಯಾಸದಲ್ಲೂ ಇದಕ್ಕಿಂತ ಬೇರೆ ಚಲನೆಯಿಲ್ಲ. ಆದ್ದರಿಂದ ಒಂದು ವಿನ್ಯಾಸ ಸುಲಭವೋ ಕಷ್ಟವೋ ಎಂಬುದು ಈ ಚಲನೆಗಳ ಮೇಲೆ ನಿಲ್ಲುವುದಿಲ್ಲ. ಎಷ್ಟು ಜೋಡಿ ಬೇಕು, ದಾರ ಎಷ್ಟು ತೆಳು, ಎಷ್ಟು ಕಡೆ ಒಂದು ಭಾಗವನ್ನು ಇನ್ನೊಂದಕ್ಕೆ ಕೊಂಡಿ ಹಾಕಬೇಕು, ಕೊನೆಯನ್ನು ಹೇಗೆ ಮುಗಿಸಬೇಕು ಎಂಬ ನಾಲ್ಕು ಸಂಗತಿಗಳ ಮೇಲೆ ನಿಲ್ಲುತ್ತದೆ.

ಹೊಸಬರಿಗೆ ನಾನು ಸೂಚಿಸುವ ದಾರಿಗಳು ಎರಡು. ಮೊದಲನೆಯದು ಟಾರ್ಶನ್ ಎಂಬ ಬಗೆಯ ಲೇಸ್. ಇದರ ವಿನ್ಯಾಸವೆಲ್ಲ ಚೌಕುಳಿ ಕಾಗದದ ಮೇಲೆ 45 ಡಿಗ್ರಿ ಓರೆಯಲ್ಲಿ ಕೂರುತ್ತದೆ. ಹನ್ನೆರಡು ಜೋಡಿಯಿಂದ ಆರಂಭಿಸಿದರೆ ಆ ಹನ್ನೆರಡೂ ಜೋಡಿ ಕೊನೆಯವರೆಗೆ ಒಟ್ಟಿಗೆ ನಡೆಯುತ್ತವೆ, ನಡುವೆ ಎಲ್ಲೂ ಕೊಂಡಿ ಹಾಕುವ ಕೆಲಸವಿಲ್ಲ. ತಪ್ಪಾದರೆ ಒಂದೆರಡು ಗುಂಡುಸೂಜಿಗಳ ಅಂತರದಲ್ಲೇ ಅದು ಕಣ್ಣಿಗೆ ಕಾಣುತ್ತದೆ, ಏಕೆಂದರೆ ಬರಬೇಕಾದ ಜೋಡಿ ಬರಬೇಕಾದ ರಂಧ್ರಕ್ಕೆ ಬಂದಿರುವುದಿಲ್ಲ. ಎರಡನೆಯ ದಾರಿ ಸ್ಲೊವೇನಿಯಾದ ಇದ್ರಿಯಾ ಪಟ್ಟಣದ್ದು. ಅಲ್ಲಿ 1876ರಲ್ಲಿ ಆರಂಭವಾದ ಲೇಸ್ ಶಾಲೆ ಇಂದಿಗೂ ಮಕ್ಕಳಿಗೆ ಕಲಿಸುತ್ತಿದೆ. ಸ್ಲೊವೇನಿಯಾದ ಬಾಬಿನ್ ಲೇಸ್ 2018ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಇದ್ರಿಯಾದ ಲೇಸ್‌ನಲ್ಲಿ ಏಳೆಂಟು ಜೋಡಿಯ ಕಿರಿದಾದ ಪಟ್ಟಿಯೊಂದು ಬಳುಕುತ್ತ, ಸುತ್ತುತ್ತ ಹೂವಾಗಿ ಎಲೆಯಾಗಿ ಸಾಗಿ, ತನ್ನ ಪಕ್ಕದ ಸುರುಳಿಯನ್ನು ಮುಟ್ಟಿದಲ್ಲೆಲ್ಲ ಅದಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ. ಜೋಡಿಗಳು ಕಡಿಮೆ, ಆದರೆ ಕೊಂಡಿಗಳು ಬಹಳ. ಎಣಿಕೆಯಲ್ಲಿ ಮನಸ್ಸು ನಿಲ್ಲುವವರಿಗೆ ಟಾರ್ಶನ್ ಒಗ್ಗುತ್ತದೆ; ರಂಗೋಲಿಯ ಬಳ್ಳಿಯಂಥ ಗೆರೆ ಇಷ್ಟವಾದವರಿಗೆ, ಕ್ರೋಶಾ ಕಡ್ಡಿ ಈಗಾಗಲೇ ಕೈಗೆ ಬಂದವರಿಗೆ ಇದ್ರಿಯಾ ಒಗ್ಗುತ್ತದೆ.

ಕೊಂಡಿ ಹಾಕುವ ಕೆಲಸವನ್ನು ತುಸು ಹತ್ತಿರದಿಂದ ನೋಡಿದರೆ ಬಾಬಿನ್ ಆಯ್ಕೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಈಗಾಗಲೇ ಮುಗಿದ ಪಟ್ಟಿಯ ಅಂಚಿನ ಗುಂಡುಸೂಜಿಯನ್ನು ತೆಗೆದು, ಆ ರಂಧ್ರದೊಳಗೆ ಸಣ್ಣ ಕ್ರೋಶಾ ಕಡ್ಡಿ ಇಳಿಸಿ, ಹೊಕ್ಕಾಗಿ ಓಡಾಡುವ ಜೋಡಿಯ ಒಂದು ನೂಲನ್ನು ಕುಣಿಕೆಯಾಗಿ ಮೇಲಕ್ಕೆಳೆಯಬೇಕು. ಆ ಕುಣಿಕೆಯೊಳಗೆ ಅದೇ ಜೋಡಿಯ ಇನ್ನೊಂದು ಬಾಬಿನ್ನನ್ನು ಇಡಿಯಾಗಿ ತೂರಿಸಿ, ಎರಡೂ ನೂಲನ್ನು ಬಿಗಿದು, ಗುಂಡುಸೂಜಿಯನ್ನು ಮತ್ತೆ ಚುಚ್ಚಬೇಕು. ಬಾಬಿನ್ನಿನ ತುದಿಯಲ್ಲಿ ಮಣಿಗಳ ಬಳೆ ಇದ್ದರೆ ಅದು ಪ್ರತಿ ಕೊಂಡಿಯಲ್ಲೂ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ಇಂಗ್ಲೆಂಡಿನ ಡೆವನ್ ಸೀಮೆಯ ಹೊನಿಟನ್ ಲೇಸ್‌ನ ಬಾಬಿನ್ ಮಣಿಯಿಲ್ಲದೆ, ನುಣುಪಾಗಿ, ತುದಿ ಚೂಪಾಗಿ ಇರುವುದು ಇದೇ ಕಾರಣಕ್ಕೆ. ಆ ಲೇಸ್‌ನಲ್ಲಿ ಹೂವು ಎಲೆಗಳನ್ನು ಬಿಡಿಬಿಡಿಯಾಗಿ ಮಾಡಿ ಜೋಡಿಸುತ್ತಾರೆ; 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಉಡುಪಿಗೆ ಬೇಕಾದ ಲೇಸನ್ನು ಬಿಯರ್ ಎಂಬ ಹಳ್ಳಿಯ ಸುತ್ತಮುತ್ತಲಿನ ಅನೇಕ ಹೆಂಗಸರು ಏಕಕಾಲಕ್ಕೆ ಕುಳಿತು ಮಾಡಿಕೊಡಲು ಸಾಧ್ಯವಾದದ್ದೂ ಹೀಗೆ ಬಿಡಿಬಿಡಿಯಾಗಿ ಮಾಡುವ ಕ್ರಮದಿಂದಲೇ. ಇಂಗ್ಲೆಂಡಿನದೇ ಸೀಮೆಗಳಾದ ಬಕಿಂಗ್‌ಹ್ಯಾಮ್‌ಷೈರ್ ಮತ್ತು ಬೆಡ್‌ಫರ್ಡ್‌ಷೈರ್‌ಗಳ ಸಪೂರ ಬಾಬಿನ್‌ಗೆ ಮಣಿ ಬೇಕು: ಅದು ತೂಕ ಕೊಡುತ್ತದೆ, ಬಾಬಿನ್ ಉರುಳಿ ನೂಲಿನ ಹುರಿ ಬಿಚ್ಚದಂತೆ ತಡೆಯುತ್ತದೆ. ಚಪ್ಪಟೆ ದಿಂಬಿನ ಮೇಲೆ ಮಾಡುವ ಟಾರ್ಶನ್‌ಗೆ ಮಣಿಯ ಬಾಬಿನ್ ಒಳ್ಳೆಯದು. ಇದ್ರಿಯಾಗೆ ಬುಡ ದಪ್ಪಗಿರುವ, ಮಣಿಯಿಲ್ಲದ ಬಾಬಿನ್ ಬೇಕು.

ಬೆಂಗಳೂರಿನ ಆಸುಪಾಸಿನವರು ವಿದೇಶದಿಂದ ತರಿಸುವ ಮೊದಲು ಚನ್ನಪಟ್ಟಣದ ಕಡೆ ನೋಡಬಹುದು. ಹಾಲೆ ಮರವನ್ನು ಕಡೆದು ಗೊಂಬೆ ಮಾಡುವ ಕೈಗಳಿಗೆ ಸುಮಾರು 10 ಸೆಂ.ಮೀ. ಉದ್ದದ ಬಾಬಿನ್ ಕಷ್ಟದ ಕೆಲಸವಲ್ಲ. ಆದರೆ ಮಾದರಿಯೊಂದನ್ನು ಕೈಗೆ ಕೊಟ್ಟು ಮೂರು ಮಾತು ಬಿಡಿಸಿ ಹೇಳಬೇಕು: ಎಲ್ಲವೂ ಒಂದೇ ತೂಕವಿರಬೇಕು, ನೂಲು ಸುತ್ತುವ ಕುತ್ತಿಗೆ ಮುರಿಯುವಷ್ಟು ತೆಳುವಾಗಬಾರದು, ಅರಗಿನ ಬಣ್ಣ ಹಚ್ಚುವುದಾದರೆ ಹಿಡಿಗೆ ಮಾತ್ರ ಹಚ್ಚಬೇಕು. ಕುತ್ತಿಗೆಗೂ ಅರಗು ಬಿದ್ದರೆ ನೂಲನ್ನು ತಡೆದು ಹಿಡಿಯುವ ಕುಣಿಕೆ ಜಾರಿ, ಬಾಬಿನ್ ಮತ್ತೆ ಮತ್ತೆ ಕೆಳಗಿಳಿಯುತ್ತದೆ. ಮೊದಲ ಕೆಲಸಕ್ಕೆ ಹನ್ನೆರಡು ಜೋಡಿ, ಅಂದರೆ 24 ಬಾಬಿನ್ ಸಾಕು.

ಹಣವನ್ನು ಮೊದಲು ಹಾಕಬೇಕಾದದ್ದು ದಿಂಬಿಗೆ. ಹೆಸರು ದಿಂಬೆಂದಿದ್ದರೂ ಅದು ಮೆತ್ತಗಿರಬಾರದು. ಗುಂಡುಸೂಜಿಯನ್ನು ಅರ್ಧದವರೆಗೆ ಚುಚ್ಚಿ, ಅದಕ್ಕೆ ನೂಲು ಕಟ್ಟಿ ಪಕ್ಕಕ್ಕೆ ಎಳೆಯಿರಿ. ಸೂಜಿ ವಾಲಿದರೆ ಆ ದಿಂಬು ಬೇಡ. ನೂಲಿನ ಬಿಗಿಯನ್ನೆಲ್ಲ ಹೊರುವುದು ಗುಂಡುಸೂಜಿ. ಅದು ವಾಲಿದಷ್ಟೂ ವಿನ್ಯಾಸ ಸೊಟ್ಟಗಾಗುತ್ತದೆ, ಎಷ್ಟು ಎಚ್ಚರದಿಂದ ಕೆಲಸ ಮಾಡಿದರೂ ಅಂಚು ನೇರ ಬರುವುದಿಲ್ಲ. ಹತ್ತಿ ಅಥವಾ ಬೂರುಗ ತುಂಬಿದ ದಿಂಬು ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಒಣಹುಲ್ಲನ್ನು ಸಣ್ಣಗೆ ಕತ್ತರಿಸಿ, ಇಲ್ಲವೇ ಮರದ ಹೊಟ್ಟನ್ನು, ದಪ್ಪ ಬಟ್ಟೆಯ ಚೀಲದಲ್ಲಿ ಕಲ್ಲಿನಂತಾಗುವವರೆಗೆ ಕುಟ್ಟಿ ಕುಟ್ಟಿ ತುಂಬಿದ ದಿಂಬು ವರ್ಷಗಟ್ಟಲೆ ಬಾಳುತ್ತದೆ. ಅಂಗಡಿಯ ಸಾಮಾನ್ಯ ಥರ್ಮಾಕೋಲ್ ಮೊದಲಿಗೆ ಸೂಜಿಯನ್ನು ಹಿಡಿದರೂ ಅದೇ ಜಾಗಕ್ಕೆ ಪದೇ ಪದೇ ಚುಚ್ಚಿದಾಗ ರಂಧ್ರ ಅಗಲವಾಗಿ ಕಾಳುಕಾಳಾಗಿ ಉದುರುತ್ತದೆ. ಬಿಗಿಯಾದ ಫೋಮ್ ಅದಕ್ಕಿಂತ ಮೇಲು. ಟಾರ್ಶನ್‌ಗೆ 45 ರಿಂದ 50 ಸೆಂ.ಮೀ. ಅಗಲದ, ನಡುವೆ ತುಸು ಉಬ್ಬಿದ ದುಂಡು ದಿಂಬು ಸಾಕು. ಇದ್ರಿಯಾದವರು ಉರುಳೆಯಾಕಾರದ ದಿಂಬನ್ನು ಬಳಸುತ್ತಾರೆ. ಬಾಬಿನ್‌ಗಳು ಅದರ ಮುಂದೆ ಇಳಿಬಿದ್ದು ತಮ್ಮ ತೂಕದಿಂದಲೇ ನೂಲನ್ನು ಬಿಗಿಯಾಗಿಡುತ್ತವೆ. ದಿಂಬಿನ ಮೇಲೆ ಹಾಸುವ ಬಟ್ಟೆ ಗಾಢ ನೀಲಿ ಅಥವಾ ಹಸಿರು ಬಣ್ಣದ, ಜುಂಗು ಏಳದ ಹತ್ತಿಯದಾಗಿರಲಿ.

ದಾರದ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಅದರ ಮೇಲಿನ ನಂಬರು. ಕ್ರೋಶಾ ದಾರದ 40, ಹೊಲಿಗೆ ದಾರದ 40, ಲಿನನ್‌ನ 40 ಇವು ಮೂರೂ ಒಂದೇ ದಪ್ಪವಲ್ಲ. ನಮ್ಮ ನೇಕಾರರು ಹೇಳುವ ಹತ್ತಿಯ ಕೌಂಟ್ ಎಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಎಂಬ ಲೆಕ್ಕ. ಲಿನನ್‌ಗೆ ಆ ಲಡಿ 300 ಗಜದ್ದು. ಆದ್ದರಿಂದ 60 ನಂಬರಿನ ಲಿನನ್ ಎಳೆ ಸುಮಾರು 21 ಕೌಂಟಿನ ಹತ್ತಿ ಎಳೆಗೆ ಸಮ. ನಂಬರನ್ನು ನಂಬುವ ಬದಲು ಸುತ್ತು ಎಣಿಸಿ: ಅಳತೆಪಟ್ಟಿಯ ಮೇಲೆ ದಾರವನ್ನು ಒತ್ತದೆ, ಅಡರದೆ, ಒಂದರ ಪಕ್ಕ ಒಂದು ಮುಟ್ಟುವಂತೆ ಸುತ್ತಿ, 1 ಸೆಂ.ಮೀ.ನಲ್ಲಿ ಎಷ್ಟು ಸುತ್ತು ಕೂರುತ್ತವೆಂದು ನೋಡಿ. ವಿನ್ಯಾಸದಲ್ಲಿ ಹೇಳಿದ ದಾರ 30 ಸುತ್ತಿನದಾಗಿ ನಿಮ್ಮ ಕೈಯಲ್ಲಿರುವುದು 20 ಸುತ್ತಿನದಾದರೆ, 30ನ್ನು 20ರಿಂದ ಭಾಗಿಸಿ, ನಕ್ಷೆಯನ್ನು ಶೇ. 150ಕ್ಕೆ ಹಿಗ್ಗಿಸಿ ಮುದ್ರಿಸಿ. ನಕ್ಷೆಗೆ ದಾರ ದಪ್ಪವಾದರೆ ಹಾಸುಹೊಕ್ಕಿನ ಭಾಗ ಇಕ್ಕಟ್ಟಾಗಿ ಉಬ್ಬುತ್ತದೆ. ತೆಳುವಾದರೆ ಇಡೀ ಲೇಸ್ ಸೂಜಿ ತೆಗೆದ ಕೂಡಲೇ ಜೋಲುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮರ್ಸರೈಸ್ ಮಾಡಿದ, ಅಂದರೆ ಕ್ಷಾರದಲ್ಲಿ ಹದಗೊಳಿಸಿ ಹೊಳಪು ತರಿಸಿದ ಹತ್ತಿಯ ಕ್ರೋಶಾ ದಾರ, ನಂಬರ್ 20 ಅಥವಾ 40, ಕಲಿಕೆಗೆ ಬಹಳ ಒಳ್ಳೆಯದು, ಏಕೆಂದರೆ ಅದರ ಹುರಿ ಗಟ್ಟಿ ಮತ್ತು ತಪ್ಪಾದಲ್ಲಿ ಬಿಚ್ಚಿದರೂ ಜುಂಗೇಳುವುದಿಲ್ಲ. ಪಾಲಿಯೆಸ್ಟರ್ ಹೊಲಿಗೆ ದಾರವನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಹಿಗ್ಗಿ ಮತ್ತೆ ಕುಗ್ಗುವುದರಿಂದ ಬಿಗಿ ನಿಲ್ಲುವುದಿಲ್ಲ.

ಗುಂಡುಸೂಜಿಗಳು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಕೆಲಸ ವಾರಗಟ್ಟಲೆ ದಿಂಬಿನ ಮೇಲಿರುತ್ತದೆ, ಅದರಲ್ಲೂ ಕರಾವಳಿಯ ಹವೆಯಲ್ಲಿ ಸಾಧಾರಣ ಸೂಜಿ ತುಕ್ಕು ಹಿಡಿದು ಬಿಡಿಸಲಾರದ ಕಲೆ ಮಾಡುತ್ತದೆ. ನಕ್ಷೆಯನ್ನು ಮುದ್ರಿಸುವಾಗ ‘ಫಿಟ್ ಟು ಪೇಜ್’ ಆಯ್ಕೆಯನ್ನು ತೆಗೆದುಹಾಕಿ, ಮುದ್ರಿಸಿದ ಮೇಲೆ ಸ್ಕೇಲಿಟ್ಟು ಅಳೆದು ನೋಡಿ. ರಟ್ಟಿಗಂಟಿಸಿ ಮೇಲೆ ತೆಳುನೀಲಿ ಪಾರದರ್ಶಕ ಹಾಳೆ ಹಚ್ಚಿದರೆ ಬಿಳಿ ದಾರ ಸ್ಪಷ್ಟವಾಗಿ ಕಾಣುತ್ತದೆ. ರಂಧ್ರಗಳನ್ನೆಲ್ಲ ಮೊದಲೇ ಚುಚ್ಚಿಟ್ಟುಕೊಳ್ಳಬೇಕು.

ಇನ್ನು ಮೊದಲ ಕೆಲಸ ಯಾವುದು? ಬಹಳ ಮಂದಿ ಸೀರೆಯ ಅಂಚಿಗೆ ಲೇಸ್ ಮಾಡಬೇಕೆಂದು ಬರುತ್ತಾರೆ. ಅದು ಐದೂವರೆ ಮೀಟರ್ ಉದ್ದ; ಮೊದಲ ಗೇಣಿನ ಬಿಗಿಗೂ ಕೊನೆಯ ಗೇಣಿನ ಬಿಗಿಗೂ ಹೋಲಿಕೆಯೇ ಇರುವುದಿಲ್ಲ. ಕರ್ಚೀಫಿನ ಅಂಚು ಚಿಕ್ಕದೆನ್ನಿಸಿದರೂ 30 ಸೆಂ.ಮೀ.ನ ನಾಲ್ಕು ಬದಿ ಎಂದರೆ 120 ಸೆಂ.ಮೀ., ಅದರ ಮೇಲೆ ನಾಲ್ಕು ಮೂಲೆ, ಕೊನೆಗೆ ಆರಂಭವನ್ನೂ ಅಂತ್ಯವನ್ನೂ ಗೆರೆ ಕಾಣದಂತೆ ಬೆಸೆಯುವ ಕೆಲಸ. ಹೊಸಬರಿಗೆ ಅದು ಭಾರ. ಬಕಿಂಗ್‌ಹ್ಯಾಮ್‌ಷೈರ್‌ನ ಆರು ಮೂಲೆಯ ಜಾಲರಿ, ಬೆಲ್ಜಿಯಂನ ಬಾಂಶ್ ಎಂಬ ಲೇಸ್ ಇವೆರಡೂ ಕೂದಲಿನಷ್ಟು ತೆಳು ನೂಲು ಬೇಡುವುದರಿಂದ ಸದ್ಯಕ್ಕೆ ನೋಡಿ ಆನಂದಿಸುವುದೇ ಸರಿ. ಮೊದಲು ಒಂದು ಪುಸ್ತಕದ ಗುರುತುಪಟ್ಟಿ ಮಾಡಿ; ಅದರ ತುದಿಯನ್ನು ಕುಚ್ಚಾಗಿ ಬಿಡಬಹುದು, ಬೆಸುಗೆಯ ಮಾತೇ ಇಲ್ಲ.

ಆಮೇಲೆ ನಾನು ಎಲ್ಲರಿಗೂ ಹೇಳುವುದು ರವಿಕೆಯ ತೋಳಿನ ಅಂಚು. ತೋಳಿನ ಸುತ್ತಳತೆ 32 ಸೆಂ.ಮೀ. ಇದ್ದರೆ ಎರಡಕ್ಕೆ 64, ಹೊಲಿಗೆಗೆ ಬಿಡುವ ಭಾಗ ಸೇರಿ ಸುಮಾರು 70 ಸೆಂ.ಮೀ. ಟಾರ್ಶನ್ ಸಾಕು. ಮೊದಲ 5 ಸೆಂ.ಮೀ.ಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಂಡು ಹದಿನಾಲ್ಕರಿಂದ ಗುಣಿಸಿದರೆ ಸಮಾರಂಭದ ದಿನಕ್ಕೆ ಮುಗಿಯುವುದೋ ಇಲ್ಲವೋ ಎಂಬುದು ಅಂದೇ ತಿಳಿಯುತ್ತದೆ. ತೋಳಿನ ಪಕ್ಕದ ಹೊಲಿಗೆ ಹಾಕುವುದಕ್ಕೆ ಮುಂಚೆಯೇ ಲೇಸನ್ನು ಅಂಚಿಗೆ ಹಚ್ಚಿಕೊಡಬೇಕೆಂದು ದರ್ಜಿಗೆ ಹೇಳಿಡಿ. ಆಗ ಲೇಸ್‌ನ ಎರಡೂ ತುದಿ ಆ ಹೊಲಿಗೆಯೊಳಗೇ ಸೇರಿಹೋಗುತ್ತವೆ, ಗಂಟುಗಳು ಹೊರಗೆ ಕಾಣುವುದೇ ಇಲ್ಲ. ರವಿಕೆಯ ಬಟ್ಟೆ ಹತ್ತಿಯದಾದರೆ ಹೊಲಿಯುವ ಮೊದಲು ಅದನ್ನೂ ಲೇಸನ್ನೂ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಮೊದಲ ಒಗೆತದಲ್ಲಿ ಒಂದು ಕುಗ್ಗಿ ಇನ್ನೊಂದು ನೆರಿಗೆಗಟ್ಟುತ್ತದೆ. ಕೊನೆಯ ಗೇಣಿನಷ್ಟು ಲೇಸನ್ನು ಮುಗಿದ ದಿನವೇ ದಿಂಬಿನಿಂದ ಬಿಡಿಸಬೇಡಿ. ಒಂದು ರಾತ್ರಿಯಾದರೂ ಗುಂಡುಸೂಜಿಗಳ ಹಿಡಿತದಲ್ಲೇ ಇದ್ದರೆ ನೂಲು ಆ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ.