ಹಳೇ ಅಮೆರಿಕನ್ ಕಾರಿಗೆ ದೊಡ್ಡ ಎಂಜಿನ್: ಈ ಜಗಳ ಶುರುವಾಗಿದ್ದು ಎಲ್ಲಿಂದ?

1960ರ ದಶಕದ ಒಂದು ಶೆವ್ರೊಲೆ ಕಮಾರೋ ಅಥವಾ ಫೋರ್ಡ್ ಮಸ್ಟಾಂಗ್ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂದರೆ ಕೊಳ್ಳುವವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಬ್ಲಾಕ್ ಮೇಲಿನ ನಂಬರ್ ಕಾರಿನ ನಂಬರಿಗೆ ತಾಳೆಯಾದರೆ ಬೆಲೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಇನ್ಯಾವುದೋ ಗ್ಯಾರೇಜಿನಲ್ಲಿ ಅಂಥದ್ದೇ ಕಾರಿನ ಎಂಜಿನ್ ಇಳಿಸಿ, ಅದಕ್ಕಿಂತ ದೊಡ್ಡದನ್ನು ಕೂರಿಸುತ್ತಿರುತ್ತಾರೆ. ಒಬ್ಬರಿಗೆ ಇದು ಇತಿಹಾಸ ಹಾಳು ಮಾಡುವ ಕೆಲಸ. ಇನ್ನೊಬ್ಬರಿಗೆ ಹಳೇ ಕಾರನ್ನು ರಸ್ತೆಯಲ್ಲಿ ಉಳಿಸುವ ದಾರಿ. ನಡುವೆ ಹೊಗೆ ಕಾನೂನು ಬಂತು, ಈಗ ಬ್ಯಾಟರಿಯೂ ಬಂದಿದೆ. ಹೊಸದಾಗಿ ಕೇಳುವವರಿಗೆ ತಲೆಬುಡ ಗೊತ್ತಾಗುವುದಿಲ್ಲ.

1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಕೊಟ್ಟಿತು. ಸಿಲಿಂಡರುಗಳ ಒಟ್ಟು ಗಾತ್ರ 221 ಕ್ಯುಬಿಕ್ ಇಂಚು, ಅಂದರೆ 3.6 ಲೀಟರ್. 65 ಅಶ್ವಶಕ್ತಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಇದನ್ನು ಹಗುರವಾದ ಹಳೇ ಫೋರ್ಡ್‌ಗಳಿಗೆ ಹಾಕಿ, ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳ ಬಯಲಲ್ಲಿ ಓಡಿಸಿದರು. ಆಮೇಲೆ ಯುದ್ಧ ಬಂತು, ಮುಗಿಯಿತು. 1955ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಶೆವ್ರೊಲೆ ವಿಭಾಗದ ಸಣ್ಣ ವಿ-8 ಬಂತು. ಮೊದಲಿಗೆ ಅದು 265 ಕ್ಯುಬಿಕ್ ಇಂಚು. ಮುಂದೆ 283, 327, 350, ಕೊನೆಗೆ 400 ಆಯಿತು. ಹೊರಗಿನ ಅಳತೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಸಣ್ಣದು ಕೂತಿದ್ದ ಜಾಗದಲ್ಲಿ ದೊಡ್ಡದೂ ಕೂರುತ್ತಿತ್ತು. ಎಂಜಿನ್ ಬದಲಿಸುವುದು ಮನೆಯ ಶೆಡ್ಡಿನ ಕೆಲಸವಾಗಿದ್ದು ಹೀಗೆ.

1963ರಿಂದ ಮುಂದಿನ ಏಳೆಂಟು ವರ್ಷಗಳ ಕಥೆ ಗೊತ್ತಿಲ್ಲದಿದ್ದರೆ ಇವತ್ತಿನ ಜಗಳ ಅರ್ಥವಾಗುವುದಿಲ್ಲ.

1963ರಲ್ಲಿ ಜನರಲ್ ಮೋಟಾರ್ಸ್ ರೇಸಿನಿಂದ ಹಿಂದೆ ಸರಿಯಿತು. ಮಧ್ಯಮ ಗಾತ್ರದ ಕಾರುಗಳಿಗೆ 330 ಕ್ಯುಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂಬ ನಿಯಮವೂ ಕಂಪನಿಯೊಳಗೆ ಇತ್ತು. ಆದರೆ ಪಾಂಟಿಯಾಕ್ ವಿಭಾಗದ ಟೆಂಪೆಸ್ಟ್ ಕಾರಿನ 326 ಎಂಜಿನ್ನೂ ಅವರ ದೊಡ್ಡ ಕಾರುಗಳ 389 ಎಂಜಿನ್ನೂ ಹೊರಗಿನಿಂದ ಒಂದೇ ಅಳತೆ. ಅಲ್ಲಿನ ಎಂಜಿನಿಯರುಗಳಾದ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್, ರಸ್ ಗೀ ಇದನ್ನು ಗಮನಿಸಿದರು. 389 ಅನ್ನು ಹೊಸ ಕಾರು ಎಂದು ತೋರಿಸದೆ, ಟೆಂಪೆಸ್ಟ್‌ಗೆ ಬೇಕಾದವರು ಹಾಕಿಸಿಕೊಳ್ಳುವ ಆಪ್ಷನ್ ಎಂದು ಪಟ್ಟಿಗೆ ಸೇರಿಸಿದರು. ಅದೇ 1964ರ ಜಿಟಿಓ. 325 ಅಶ್ವಶಕ್ತಿ. ಮೂರು ಕಾರ್ಬ್ಯುರೇಟರ್ ಬೇಕೆಂದರೆ 348. ಮೊದಲ ವರ್ಷವೇ 32,000ಕ್ಕೂ ಜಾಸ್ತಿ ಮಾರಾಟವಾಯಿತು. ಬ್ರೇಕ್ ಮಾತ್ರ ಟೆಂಪೆಸ್ಟಿನದೇ: ನಾಲ್ಕೂ ಚಕ್ರಕ್ಕೆ 9.5 ಇಂಚಿನ ಡ್ರಮ್. ಇಷ್ಟು ಶಕ್ತಿಗೆ ಅದು ಸಾಲದು ಎಂದು ಆಗಲೇ ದೂರು ಬಂದಿತ್ತು. ಡಿಸ್ಕ್ ಬ್ರೇಕ್ ಸಿಕ್ಕಿದ್ದು 1967ರಲ್ಲಿ, ಅದೂ ಹೆಚ್ಚಿಗೆ ದುಡ್ಡು ಕೊಟ್ಟವರಿಗೆ.

ಎಂಜಿನ್ ಮಿತಿಯನ್ನು 400ಕ್ಕೆ ಏರಿಸಿದ ಮೇಲೂ ಆಸೆ ನಿಲ್ಲಲಿಲ್ಲ. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್‌ನ ಯೆಂಕೊ ಶೆವ್ರೊಲೆ ಎಂಬ ಡೀಲರ್ ತನ್ನ ವರ್ಕ್‌ಶಾಪಿನಲ್ಲೇ ಹೊಸ ಕಮಾರೋಗಳಿಗೆ 427 ಎಂಜಿನ್ ಹಾಕಿ ಮಾರುತ್ತಿದ್ದ. ಟ್ಯಾಕ್ಸಿ, ಪೊಲೀಸ್ ಗಾಡಿಗಳಿಗೆಂದು ವಿಶೇಷ ಆರ್ಡರ್ ಕೊಡುವ ಪದ್ಧತಿಯೊಂದಿತ್ತು. 1969ರಲ್ಲಿ ಅದನ್ನೇ ಬಳಸಿಕೊಂಡು ಫ್ಯಾಕ್ಟರಿಯಿಂದಲೇ 427 ಕೂರಿಸಿ ತರಿಸಿದರು. ಪೂರ್ತಿ ಅಲ್ಯೂಮಿನಿಯಂ 427 ಇದ್ದ ಕಮಾರೋ ಆ ವರ್ಷ ತಯಾರಾಗಿದ್ದು ಬರೀ 69. ಇವತ್ತು ಈ ಕಾರುಗಳ ಬೋಲ್ಟನ್ನೂ ಯಾರೂ ಮುಟ್ಟುವುದಿಲ್ಲ, ಡೀಲರ್ ಎಂಜಿನ್ ಬದಲಿಸಿದ ಯೆಂಕೊ ಕಾರುಗಳನ್ನೂ ಸೇರಿಸಿ.

ಫೋರ್ಡ್ ಕಷ್ಟಪಟ್ಟ ರೀತಿ ಇನ್ನೂ ಕುತೂಹಲದ್ದು. ಹಳೇ ಮಸ್ಟಾಂಗ್‌ನ ಮುಂದಿನ ಸ್ಪ್ರಿಂಗ್, ಚಕ್ರ ಹಿಡಿದಿರುವ ಎರಡು ಆರ್ಮ್ ಪೈಕಿ ಮೇಲಿನದರ ಮೇಲೆ ಕೂರುತ್ತದೆ. ಅದಕ್ಕಾಗಿ ಬಾನೆಟ್ ಒಳಗೆ ಎರಡೂ ಪಕ್ಕ ತಗಡಿನ ಗೋಪುರದಂಥ ಟವರ್ ಇದೆ. ದೊಡ್ಡ ಎಂಜಿನ್ ಇಳಿಸಿದರೆ ಪ್ಲಗ್ ಬಿಚ್ಚಲು ಕೈ ಹೋಗುವುದಿಲ್ಲ, ಎಕ್ಸಾಸ್ಟ್ ಪೈಪಿಗೆ ಜಾಗವಿರುವುದಿಲ್ಲ. ನಾಸ್ಕಾರ್ ರೇಸಿಗೆ ಅರ್ಹತೆ ಪಡೆಯಲು 429 ಎಂಜಿನ್ನಿನ ಕಾರನ್ನು ಜನರಿಗೂ ಮಾರಬೇಕಿತ್ತು. ಅದರ ಹೆಡ್‌ಗಳು ಎಷ್ಟು ಅಗಲ ಎಂದರೆ ಟವರ್ ನಡುವೆ ಹಿಡಿಸುತ್ತಿರಲಿಲ್ಲ. ಮಿಷಿಗನ್‌ನ ಬ್ರೈಟನ್‌ನಲ್ಲಿದ್ದ ಕಾರ್ ಕ್ರಾಫ್ಟ್ ಎಂಬ ಗುತ್ತಿಗೆ ವರ್ಕ್‌ಶಾಪ್ ಟವರುಗಳನ್ನು ಹೊರಗೆ ಸರಿಸಿತು, ಸಸ್ಪೆನ್ಷನ್ ತಿದ್ದಿತು, ಬ್ಯಾಟರಿಯನ್ನು ಡಿಕ್ಕಿಗೆ ಕಳಿಸಿತು. 1969 ಮತ್ತು 1970ರ ಬಾಸ್ 429 ತಯಾರಾಗಿದ್ದು ಹೀಗೆ. ಕತ್ತರಿಸಿ, ಬೆಸೆದು, ಜಾಗ ಮಾಡಿಕೊಂಡ ಕಾರೇ ಈಗ ಸಂಗ್ರಹಕಾರರ ಕಣ್ಣಲ್ಲಿ ಅಪ್ಪಟ ಅಸಲಿ.

1970ರ ಶುದ್ಧ ಗಾಳಿ ಕಾಯ್ದೆ, 1973ರ ತೈಲ ಬಿಕ್ಕಟ್ಟು, 1975ರ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಸಾಧನ): ಐದೇ ವರ್ಷದಲ್ಲಿ ಆ ಕಾಲ ಮುಗಿಯಿತು. ಎಂಜಿನ್ ಶಕ್ತಿ ಲೆಕ್ಕ ಹಾಕುವ ಕ್ರಮ ಬದಲಾಗಿದ್ದೂ ಸೇರಿ, ಶೆವ್ರೊಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್ 1975ರಲ್ಲಿ ಅದರ ಸಾಧಾರಣ ರೂಪದಲ್ಲಿ 165 ಅಶ್ವಶಕ್ತಿಗೆ ಇಳಿದಿತ್ತು.

ಕಾನೂನಿನ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ತುಂಬ ಕಟ್ಟುನಿಟ್ಟು ಎನ್ನುವ ಕ್ಯಾಲಿಫೋರ್ನಿಯಾದಲ್ಲೂ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. 1976ರಿಂದ ಈಚಿನವಕ್ಕೆ ಎಂಜಿನ್ ಬದಲಿಸಬಹುದು. ಆದರೆ ಹೊಸ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೆ ಬರಬೇಕು, ಸರ್ಕಾರದ ರೆಫರಿ, ಅಂದರೆ ತಪಾಸಣಾ ಅಧಿಕಾರಿ, ನೋಡಿ ಒಪ್ಪಬೇಕು. ನಮ್ಮಲ್ಲಿ ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕಿಂತ ಬಿಗಿ. ಅಲ್ಲಿಯದನ್ನು ನೋಡಿ ಇಲ್ಲಿ ಸುಮ್ನೆ ಕೈ ಹಾಕುವ ಹಾಗಿಲ್ಲ.

1997ರ ಕಾರ್ವೆಟ್‌ನಲ್ಲಿ ಎಲ್‌ಎಸ್1 ಬಂದಾಗ ಹಳೇ ಹವ್ಯಾಸಕ್ಕೆ ಮತ್ತೆ ಜೀವ ಬಂತು. 5.7 ಲೀಟರಿನ ಅಲ್ಯೂಮಿನಿಯಂ ಎಂಜಿನ್, 345 ಅಶ್ವಶಕ್ತಿ. 1999ರಿಂದ ಇದೇ ಕುಟುಂಬದ 4.8, 5.3, 6.0 ಲೀಟರ್ ಎಂಜಿನ್‌ಗಳು ಪಿಕಪ್‌ಗಳಿಗೆ ಬಂದವು. ಆ ಪಿಕಪ್‌ಗಳು ಗುಜರಿ ಸೇರತೊಡಗಿದಾಗ ಕಡಿಮೆ ದುಡ್ಡಿಗೆ ಎಂಜಿನ್ ಸಿಗತೊಡಗಿತು. ಗೇರ್‌ಬಾಕ್ಸ್ ಕೂರುವ ಬೋಲ್ಟುಗಳ ಜಾಗವೂ ಬಹುಪಾಲು ಹಳೇ ಶೆವ್ರೊಲೆಯದ್ದೇ. ಕಾರ್ಬ್ಯುರೇಟರಿನ ಹಳೇ ಎಂಜಿನ್‌ಗಿಂತ ಇದು ಶುದ್ಧವಾಗಿ ಉರಿಯುತ್ತದೆ, ಚಳಿಯಲ್ಲೂ ತಕ್ಷಣ ಸ್ಟಾರ್ಟ್ ಆಗುತ್ತದೆ. ದಿನಾ ಓಡುವ ಕಾರಿಗೆ ಇದನ್ನು ಹಾಕಿದರೆ ಏನು ಹಾಳಾಯಿತು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ, ಅಲ್ವಾ? ಅಸಲಿ ನಂಬರಿನ ಎಂಜಿನ್ ಇದ್ದರೆ ಅದನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಟ್ಟರೆ ಸಾಕು, ಬಾಡಿ ಕತ್ತರಿಸದೆ ಬೋಲ್ಟ್ ಮೇಲೆ ಕೂರಿಸಿದರೆ ಸಾಕು. ಮುಂದೆ ಬೇಕೆಂದವರು ಮೊದಲಿನಂತೆ ಮಾಡಿಕೊಳ್ಳಬಹುದು.

ಚರ್ಚೆಯಲ್ಲಿ ಕಡಿಮೆ ಕೇಳುವುದು ಉಳಿದ ಭಾಗಗಳ ವಿಷಯ. ಶಕ್ತಿ ಇಮ್ಮಡಿಯಾದರೂ ರೇಡಿಯೇಟರ್ ಹಳೇದು, ಹಿಂದಿನ ಆಕ್ಸಲ್ ಹಳೇದು, ಬ್ರೇಕ್ 1964ರ ಡ್ರಮ್ಮೇ. ಎದುರಿಗೆ ಬರುವವನಿಗೆ ಬ್ಲಾಕ್ ಮೇಲಿನ ನಂಬರಿನಿಂದ ಆಗಬೇಕಾದ್ದೇನೂ ಇಲ್ಲ, ಅವನಿಗೆ ಬೇಕಿರುವುದು ಗಾಡಿ ನಿಲ್ಲುವುದು.

ಈಗ ಅದೇ ವಾದ ವಿದ್ಯುತ್ತಿಗೆ ಬಂದಿದೆ. 2020ರಲ್ಲಿ ಶೆವ್ರೊಲೆ ಜೀಪಿನಂಥ ತನ್ನ 1977ರ ಬ್ಲೇಜರ್‌ಗೆ ಬೋಲ್ಟ್ ಎಂಬ ಹೆಸರಿನ ವಿದ್ಯುತ್ ಕಾರಿನ ಮೋಟಾರ್ ಹಾಕಿ ತೋರಿಸಿತು. 2021ರಲ್ಲಿ ಫೋರ್ಡ್ 1978ರ ಪಿಕಪ್‌ಗೆ ಎರಡು ಮೋಟಾರ್ ಹಾಕಿತು: 480 ಅಶ್ವಶಕ್ತಿ. ಆ ಮೋಟಾರನ್ನು 3,900 ಡಾಲರಿಗೆ ಬಿಡಿಯಾಗಿಯೂ ಮಾರಿತು. ಬ್ಯಾಟರಿ ಆ ಬೆಲೆಯಲ್ಲಿ ಸೇರಿರಲಿಲ್ಲ. ಬ್ಲೇಜರ್‌ನಲ್ಲಿ ಬ್ಯಾಟರಿ ಕೂತಿದ್ದು ಹಿಂದೆ ಸಾಮಾನಿಡುವ ಜಾಗದಲ್ಲಿ.