ಪದ ಪರಿಚಯ: ಮುನಿಸಿಪಿಯೊ, ಒಟೊಮಿ ರೈತರ ಇಕ್ಸ್‌ಟೆಂಕೊ

ಮೆಕ್ಸಿಕೊದ ಬಗ್ಗೆ ಓದುವಾಗ 'ಮುನಿಸಿಪಿಯೊ' ಎಂಬ ಪದ ಆಗಾಗ ಸಿಗುತ್ತದೆ. ಪುರಸಭೆ ಎಂದುಕೊಂಡರೆ ಪೇಟೆ, ಚರಂಡಿ, ಬೀದಿದೀಪವೇ ಕಣ್ಣಮುಂದೆ ಬರುತ್ತವೆ ಅಲ್ವಾ? ಅಲ್ಲಿನ ಮುನಿಸಿಪಿಯೊದಲ್ಲಿ ಊರಿನ ಜೊತೆ ಹೊಲ, ಕಾಡು, ಬೆಟ್ಟ ಎಲ್ಲವೂ ಸೇರುತ್ತವೆ. ರಾಜ್ಯದ ಕೆಳಗಿನ ಆಡಳಿತ ಘಟಕ ಅದು. 1917ರ ಸಂವಿಧಾನದ 115ನೇ ವಿಧಿ ಅದಕ್ಕೆ ಆಧಾರ. ಜನ ಆರಿಸಿದ ಅಧ್ಯಕ್ಷರು ಮತ್ತು ಮಂಡಳಿ ಅದನ್ನು ನಡೆಸುತ್ತಾರೆ. ನಮ್ಮ ಹೋಬಳಿಗಿಂತ ಚಿಕ್ಕವೂ ಇವೆ, ಜಿಲ್ಲೆಗಿಂತ ದೊಡ್ಡವೂ ಇವೆ.

ಬೇಸಾಯವೇ ಬದುಕಾದ ಒಂದು ಮುನಿಸಿಪಿಯೊ ನೋಡಬೇಕೆಂದರೆ ಇಕ್ಸ್‌ಟೆಂಕೊ ನನ್ನ ಆಯ್ಕೆ. ಅದು ತ್ಲಸ್ಕಾಲ ರಾಜ್ಯದಲ್ಲಿದೆ. 4,400 ಮೀಟರ್ ದಾಟುವ ಮಲಿಂಚೆ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಸುಮಾರು 2,500 ಮೀಟರ್ ಎತ್ತರದಲ್ಲಿ.

ಇಲ್ಲಿಯವರು ಒಟೊಮಿ ಮೂಲದವರು. ಒಟೊಮಿಗಳು ನಡು ಮೆಕ್ಸಿಕೊದ ಬಹಳ ಹಳೆಯ ಜನ. ಅವರ ನುಡಿಗೂ ಅಜ್ಟೆಕರ ನಾವಾಟ್ಲ್ ನುಡಿಗೂ ನಂಟಿಲ್ಲ. ಸ್ಪೇನಿನವರು ಬರುವ ಮುಂಚೆ ತ್ಲಸ್ಕಾಲದ ಗಡಿ ಕಾಯುತ್ತಿದ್ದ ಯೋಧರು ಇವರು. ಇಕ್ಸ್‌ಟೆಂಕೊದಲ್ಲಿ ತಮ್ಮ ನುಡಿಯನ್ನು ಯುಹ್ಮು ಎನ್ನುತ್ತಾರೆ. ಅದನ್ನು ಆಡುವವರು ಈಗ ಹೆಚ್ಚಾಗಿ ವಯಸ್ಸಾದವರೇ. ಇದು ನಿಜಕ್ಕೂ ನೋವಿನ ಸಂಗತಿ.

ನುಡಿ ಸೊರಗಿದರೂ ಬೀಜ ಉಳಿದಿದೆ. ಬಿಳಿ, ಹಳದಿ, ನೀಲಿ, ಕೆಂಪು, ನೇರಳೆ, ಕಪ್ಪು: ಇಲ್ಲಿನ ಮೆಕ್ಕೆಜೋಳಕ್ಕೆ ಇಷ್ಟು ಬಣ್ಣ. ಎತ್ತರದ ಜಾಗವಾದ್ದರಿಂದ ಚಳಿ ಜಾಸ್ತಿ, ಬೆಳೆ ನಿಧಾನ, ಹಿಮ ಬೀಳುವ ಭಯ ಬೇರೆ. ಇಂಥ ಹವೆಗೆ ಒಗ್ಗಿದ ತಳಿಗಳನ್ನು ತಲೆಮಾರುಗಳಿಂದ ಆರಿಸಿ ಉಳಿಸಿದ್ದಾರೆ. ಇದು ಸುಮ್ನೆ ಆಗುವ ಕೆಲಸವಲ್ಲ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ, ಪಕ್ಕದ ಹೊಲದ ಬಣ್ಣ ಬೆರೆತುಬಿಡುತ್ತದೆ. ಹಾಗಾಗಿ ಪ್ರತಿ ಕೊಯ್ಲಿನಲ್ಲೂ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಎತ್ತಿಡಬೇಕು. ನಮ್ಮ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಮೂಲವೂ ಮೆಕ್ಸಿಕೊವೇ. ಆದರೆ ನಮ್ಮಲ್ಲಿ ಹೈಬ್ರಿಡ್ ಬೀಜವೇ ಹೆಚ್ಚು. ಅದನ್ನು ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ, ವರ್ಷವರ್ಷವೂ ಅಂಗಡಿಗೆ ಹೋಗಬೇಕು. ಇಕ್ಸ್‌ಟೆಂಕೊ ರೈತರ ಕೈಯಲ್ಲಿರುವುದು ಎಷ್ಟು ದೊಡ್ಡ ಆಸ್ತಿ ಎಂದು ಇದರಿಂದಲೇ ತಿಳಿಯುತ್ತದೆ. ನಾಟಿ ಮೆಕ್ಕೆಜೋಳ ಕಾಪಾಡಲು ತ್ಲಸ್ಕಾಲ ರಾಜ್ಯ 2011ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು.

ನೇರಳೆ ಕಾಳನ್ನು ಹುಳಿ ಬರಿಸಿ 'ಆತೊಲೆ ಆಗ್ರಿಯೊ' ಎಂಬ ಬಿಸಿ ಗಂಜಿ ಕಾಯಿಸುತ್ತಾರೆ. ಬಣ್ಣಬಣ್ಣದ ಕಾಳುಗಳನ್ನು ಅಂಟಿಸಿ ದೊಡ್ಡ ಚಿತ್ರಗಳನ್ನೂ ಮಾಡುತ್ತಾರೆ.

ಒಟೊಮಿ ಮುನಿಸಿಪಿಯೊಗಳೆಲ್ಲ ಹೀಗೇ ಇರುತ್ತವೆ ಎಂದುಕೊಳ್ಳಬೇಡಿ. ಹಿಡಾಲ್ಗೊ ರಾಜ್ಯದ ಮೆಸ್ಕಿತಾಲ್ ಕಣಿವೆ ಒಣ ನೆಲ. ಅಲ್ಲಿ ಮಾಗೆ ಎಂಬ ಕತ್ತಾಳೆ ಜಾತಿಯ ಗಿಡವೇ ಬದುಕಿಗೆ ಆಸರೆ. ಅದರ ರಸದಿಂದ ಪುಲ್ಕೆ ಎಂಬ ಹುಳಿ ಹೆಂಡ, ನಾರಿನಿಂದ ಹಗ್ಗ ಮತ್ತು ಬಟ್ಟೆ.