ಗಜೇಂದ್ರಗಡ್ಕರ್ ಬಿಟ್ಟಿದ್ದ ಕಿಂಡಿ 1975ರಲ್ಲಿ ಮುಚ್ಚಿದ್ದು ಹೇಗೆ?

ತುರ್ತು ಪರಿಸ್ಥಿತಿ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 1975. ಆದರೆ ತುರ್ತು ಪರಿಸ್ಥಿತಿ ಘೋಷಿಸಲು ಅವಕಾಶ ಕೊಡುವ ಸಂವಿಧಾನದ 352ನೇ ವಿಧಿಯನ್ನು ಮೊದಲು ಬಳಸಿದ್ದು 1962ರ ಅಕ್ಟೋಬರ್ 26ರಂದು, ಚೀನಾ ಯುದ್ಧದ ವೇಳೆ. ಯುದ್ಧ ಒಂದು ತಿಂಗಳಲ್ಲಿ ನಿಂತಿತು. ಘೋಷಣೆ ಮಾತ್ರ 1968ರ ಜನವರಿವರೆಗೂ ಮುಂದುವರಿಯಿತು!

ಆಗ ಭಾರತ ರಕ್ಷಣಾ ನಿಯಮಗಳಡಿ ವಿಚಾರಣೆಯಿಲ್ಲದೆ ಜೈಲು ಸೇರಿದವರು ಕೋರ್ಟಿಗೆ ಹೋದರು. 1963ರಲ್ಲಿ ಮಖನ್ ಸಿಂಗ್ ಪ್ರಕರಣದ ಬಹುಮತದ ತೀರ್ಪು ಬರೆದವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಹುಟ್ಟಿದ್ದು ಸಾತಾರಾದಲ್ಲಾದರೂ ಮನೆತನದ ಹೆಸರು ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡದ್ದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲೂ ಓದಿದವರು.

359ನೇ ವಿಧಿಯಡಿ ರಾಷ್ಟ್ರಪತಿ ಆದೇಶ ಹೊರಡಿಸಿದರೆ ಹಕ್ಕು ಕಾಗದದ ಮೇಲೆ ಇರುತ್ತದೆ, ಅದಕ್ಕಾಗಿ ಕೋರ್ಟಿಗೆ ಹೋಗುವಂತಿಲ್ಲ. ಇದನ್ನು ಗಜೇಂದ್ರಗಡ್ಕರ್ ಒಪ್ಪಿದರು. ಆದರೆ ಒಂದು ಕಿಂಡಿ ಬಿಟ್ಟರು. ಬಂಧನದ ಹಿಂದೆ ದುರುದ್ದೇಶ ಇದ್ದರೆ, ಇಲ್ಲವೇ ಬಂಧನದ ಕಾನೂನನ್ನೇ ಅಧಿಕಾರಿ ಮೀರಿದ್ದರೆ ಪ್ರಶ್ನಿಸಬಹುದು ಎಂದರು.

1975ರ ಜೂನ್ 25ರ ರಾತ್ರಿ ‘ಆಂತರಿಕ ಗಲಭೆ’ಯ ಕಾರಣಕ್ಕೆ ಮತ್ತೆ ತುರ್ತು ಪರಿಸ್ಥಿತಿ ಬಂತು. ಮರುದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನವಾದರು. ಬಂಧನವನ್ನು ಪ್ರಶ್ನಿಸಿದ ಅವರ ಅರ್ಜಿಯನ್ನು ಕೇಳಬಹುದು ಎಂದಿತು ಕರ್ನಾಟಕ ಹೈಕೋರ್ಟ್. ಬೇರೆ ಹಲವು ಹೈಕೋರ್ಟುಗಳೂ ಇದನ್ನೇ ಹೇಳಿದವು.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1976ರ ಏಪ್ರಿಲ್ 28ರಂದು ಈ ಹೈಕೋರ್ಟ್ ತೀರ್ಪುಗಳ ಮೇಲ್ಮನವಿಯಾದ ಎಡಿಎಂ (ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್) ಜಬಲ್ಪುರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪರ ನಿಂತರು. ಮಖನ್ ಸಿಂಗ್ ತೀರ್ಪು ಏನಾಯಿತು? 1962ರ ರಾಷ್ಟ್ರಪತಿ ಆದೇಶದಲ್ಲಿ ‘ಭಾರತ ರಕ್ಷಣಾ ಕಾನೂನಿನಡಿ ಬಂಧಿತರಾದವರಿಗೆ’ ಎಂಬ ಷರತ್ತಿತ್ತು, 1975ರ ಆದೇಶದಲ್ಲಿ ಅದಿಲ್ಲ, ಆದ್ದರಿಂದ ಹಳೆಯ ತೀರ್ಪು ಅನ್ವಯಿಸದು ಎಂದರು. ಅಷ್ಟೇ! ಒಂದು ಷರತ್ತು ಹೋಯಿತು, ಕಿಂಡಿಯೂ ಹೋಯಿತು. ಒಪ್ಪದೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದೆ ಅವರ ಹಿರಿತನ ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು.

(ಹುಬ್ಬಳ್ಳಿಯ ವಕೀಲ, ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ 1994ರ ಕೇಸನ್ನು ಕೆಲವರು ಇದಕ್ಕೇ ಗಂಟು ಹಾಕುತ್ತಾರೆ. ಅದು 356ನೇ ವಿಧಿಯದ್ದು, ರಾಷ್ಟ್ರಪತಿ ಆಳ್ವಿಕೆಯದ್ದು. ಅಲ್ಲಿ ಮೂಲಭೂತ ಹಕ್ಕುಗಳು ಅಮಾನತಾಗುವುದಿಲ್ಲ.)

1978ರ 44ನೇ ತಿದ್ದುಪಡಿ ಬಹಳಷ್ಟನ್ನು ಸರಿಮಾಡಿತು. ‘ಆಂತರಿಕ ಗಲಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು. ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು. ಅಪರಾಧಕ್ಕೆ ಶಿಕ್ಷೆ ಕೊಡುವಾಗ ರಕ್ಷಣೆ ನೀಡುವ 20ನೇ ವಿಧಿಯನ್ನು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯನ್ನು ಇನ್ನು ಯಾರೂ ಅಮಾನತು ಮಾಡುವಂತಿಲ್ಲ. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟೇ 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕೇ ಎಂಬ ಕೇಸಿನಲ್ಲಿ, ತಳ್ಳಿಹಾಕಿತು. ಆ ಕೇಸಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಥೆ ಇಲ್ಲಿಗೆ ಮುಗಿಯಿತು ಅನ್ನುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಬಂಧಿತರಿಗೆ ಕಾರಣ ತಿಳಿಸಬೇಕು, ಬಂಧನಕ್ಕೆ ತಕ್ಕ ಕಾರಣ ಇದೆಯೇ ಎಂದು ನೋಡುವ ಸಲಹಾ ಮಂಡಳಿ ಮುಂದೆ ಪ್ರಕರಣ ಇಡಬೇಕು ಎನ್ನುವ 22ನೇ ವಿಧಿಯನ್ನು 359ರಡಿ ಇವತ್ತಿಗೂ ಅಮಾನತು ಮಾಡಬಹುದು. ಮಂಡಳಿಯ ಒಪ್ಪಿಗೆಯಿಲ್ಲದೆ ಮೂರು ತಿಂಗಳು ಒಳಗಿಡುವುದಕ್ಕಂತೂ ತುರ್ತು ಪರಿಸ್ಥಿತಿಯೇ ಬೇಕಿಲ್ಲ. ಅದನ್ನು ಎರಡು ತಿಂಗಳಿಗೆ ಇಳಿಸುವ ಸೆಕ್ಷನ್ 44ನೇ ತಿದ್ದುಪಡಿಯಲ್ಲೇ ಇತ್ತು. ಸಂಸತ್ತು ಪಾಸು ಮಾಡಿದ ಆ 3ನೇ ಸೆಕ್ಷನ್ನನ್ನು ಆಮೇಲೆ ಬಂದ ಯಾವ ಸರ್ಕಾರವೂ ಜಾರಿಗೆ ತರಲಿಲ್ಲ.